ಅಂತರ್ಜಾಲದಲ್ಲಿ ಮಕ್ಕಳ ರಕ್ಷಣೆ: ಕಂಪನಿಗಳ ಹೊಣೆ ಎಷ್ಟು?



2020ರ ಜನವರಿಯಲ್ಲಿ ಚೆನ್ನೈನ ಅಂಬತ್ತೂರು ಮಹಿಳಾ ಪೊಲೀಸ್ ಠಾಣೆಗೆ ಮೇಲಧಿಕಾರಿಗಳಿಂದ ಒಂದು ಪತ್ರ ಬಂತು. ಯುವಕನೊಬ್ಬ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳನ್ನು ಮೊಬೈಲಿಗೆ ಇಳಿಸಿಕೊಂಡಿದ್ದಾನೆ ಎಂಬುದು ಅದರ ಸಾರಾಂಶ. ಈ ಸುಳಿವು ಬಂದದ್ದು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದಿಂದ.

ದೆಹಲಿಗೆ ಇಂಥ ಸುಳಿವು ಹೇಗೆ ಸಿಗುತ್ತದೆ? ಅಮೆರಿಕದ ಕಾನೂನಿನಂತೆ ಅಲ್ಲಿನ ಇಂಟರ್ನೆಟ್ ಕಂಪನಿಗಳು ತಮ್ಮ ಕಣ್ಣಿಗೆ ಬಿದ್ದ ಇಂಥ ಚಿತ್ರಗಳನ್ನು ಎನ್‌ಸಿಎಂಇಸಿ ಎಂಬ ಮಕ್ಕಳ ರಕ್ಷಣಾ ಕೇಂದ್ರಕ್ಕೆ ತಿಳಿಸಲೇಬೇಕು. 2019ರಲ್ಲಿ ಆದ ಒಪ್ಪಂದದ ನಂತರ ಭಾರತಕ್ಕೆ ಸಂಬಂಧಪಟ್ಟ ವರದಿಗಳು ಬ್ಯೂರೋಗೆ ಬಂದು, ಅಲ್ಲಿಂದ ಆಯಾ ರಾಜ್ಯದ ಪೊಲೀಸರಿಗೆ ಹೋಗುತ್ತವೆ.

ಒಂದು ಸೂಕ್ಷ್ಮ ಗಮನಿಸಿ. ಆ ಕಾನೂನು ಕಂಡದ್ದನ್ನು ತಿಳಿಸಿ ಎನ್ನುತ್ತದೆ, ಹುಡುಕಿ ಎನ್ನುವುದಿಲ್ಲ. ಹುಡುಕುವುದು ಕಂಪನಿಯ ಮರ್ಜಿ! 2009ರಲ್ಲಿ ಮೈಕ್ರೋಸಾಫ್ಟ್ ಸಿದ್ಧಪಡಿಸಿದ ಫೋಟೋ ಡಿಎನ್‌ಎ ತಂತ್ರ, ಮೊದಲೇ ಪಟ್ಟಿಯಲ್ಲಿರುವ ಚಿತ್ರವನ್ನು ಬೆರಳಚ್ಚಿನಂತೆ ಗುರುತಿಸುತ್ತದೆ. ನಿನ್ನೆ ತೆಗೆದ ಹೊಸ ಚಿತ್ರ ಅದರ ಬಲೆಗೆ ಬೀಳದು. ವಾಟ್ಸ್ಆ್ಯಪ್ ಸಂದೇಶಗಳಂತೂ ಗೂಢಲಿಪಿಯಲ್ಲಿ ಹೋಗುತ್ತವೆ. ಪಡೆದವರಾರಾದರೂ ದೂರದಿದ್ದರೆ ಒಳಗೇನಿದೆ ಎಂದು ಕಂಪನಿಗೂ ಕಾಣದು.

ನಮ್ಮಲ್ಲೂ ಕಾನೂನುಗಳಿಗೆ ಕೊರತೆಯಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮು 2009ರಿಂದ ಜಾರಿಯಲ್ಲಿದೆ. 2012ರ ಪೋಕ್ಸೊ ಕಾಯ್ದೆ ಇಂಥದ್ದು ಕಂಡರೆ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. 2021ರ ನಿಯಮಗಳಂತೆ ದೊಡ್ಡ ಜಾಲತಾಣಗಳು ಇಂಥ ದೃಶ್ಯಗಳನ್ನು ತಾವಾಗಿಯೇ ಪತ್ತೆಹಚ್ಚಲು "ಪ್ರಯತ್ನಿಸಬೇಕು". ಪ್ರಯತ್ನ ಸಾಕಷ್ಟು ಆಯಿತೇ ಎಂದು ಅಳೆಯುವವರು ಯಾರೋ!

ಇನ್ನು ಚೆನ್ನೈ ಪ್ರಕರಣ. ಖಾಸಗಿಯಾಗಿ ನೋಡುವುದು ಅಪರಾಧವಲ್ಲ ಎಂದು 2024ರ ಜನವರಿಯಲ್ಲಿ ಮದರಾಸು ಹೈಕೋರ್ಟ್ ಮೊಕದ್ದಮೆಯನ್ನು ರದ್ದುಪಡಿಸಿತು. ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗೊತ್ತಿತು. ಹಂಚುವ ಉದ್ದೇಶದಿಂದ, ಅಳಿಸದೆ, ತಿಳಿಸದೆ ಇಟ್ಟುಕೊಳ್ಳುವುದೂ ಅಪರಾಧ ಎಂದಿತು. ಕಂಪನಿಗಳಿಗೂ ಬಿಸಿ ತಟ್ಟಿತು: ಅಮೆರಿಕದ ಕೇಂದ್ರಕ್ಕೆ ವರದಿ ಕಳಿಸಿ ಕೈತೊಳೆದುಕೊಂಡರೆ ಸಾಲದು, ಇಲ್ಲಿನ ಪೊಲೀಸರಿಗೂ ತಿಳಿಸಬೇಕು, ಇಲ್ಲವಾದರೆ ಕಾನೂನಿನ ರಕ್ಷಣೆ ಸಿಗದು. "ಮಕ್ಕಳ ಅಶ್ಲೀಲ ಚಿತ್ರ" ಎಂಬ ಮಾತನ್ನೇ ಬಿಡಿ, ಇದು ಮಗುವಿನ ಮೇಲೆ ನಡೆದ ದೌರ್ಜನ್ಯದ ದಾಖಲೆ ಎಂದೂ ಹೇಳಿತು. ನನಗೆ ಇಡೀ ತೀರ್ಪಿನಲ್ಲಿ ಮುಖ್ಯವೆನಿಸಿದ್ದು ಇದೇ.

ನಮ್ಮ ಸಂಘಗಳ, ಬಡಾವಣೆಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ "ಈ ದುಷ್ಟನನ್ನು ಹಿಡಿಯುವವರೆಗೂ ಹಂಚಿ" ಎಂಬ ವಿಡಿಯೋ ಬರುವುದುಂಟು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಆ ಮಗುವಿನ ಮುಖ ಇನ್ನೂ ನೂರು ಮನೆ ಸುತ್ತುತ್ತದೆ, ಕಳಿಸಿದವರೂ ಕಾನೂನಿನ ಕೈಗೆ ಸಿಕ್ಕಿಬೀಳಬಹುದು. ಮುಂದಕ್ಕೆ ಕಳಿಸಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಹೆಸರು ಹೇಳದೆಯೂ ಇಂಥ ದೂರು ದಾಖಲಿಸಬಹುದು. ಮಗುವೊಂದು ಅಪಾಯದಲ್ಲಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಕರೆ ಉಚಿತ.