ಕಂಪ್ಯೂಟರ್ ಸ್ವಚ್ಛತೆ: ಕಸ ಯಾವುದು, ಕಡತ ಯಾವುದು?

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ತಿಂಗಳು ಒಬ್ಬರ ಮನೆಯ ಅರಿಶಿನ ಕುಂಕುಮದಲ್ಲಿ ನನ್ನನ್ನು ಮೂರ್ನಾಲ್ಕು ಜನ ಸುತ್ತುವರಿದಿದ್ದರು. "ನೀನು ಕಂಪ್ಯೂಟರ್ ಓದಿದವಳಲ್ವಾ, ನಮ್ಮ ಲ್ಯಾಪ್‌ಟಾಪ್ ಆನ್ ಮಾಡಿ, ಚಹಾ ಮಾಡಿ ಕುಡಿದು ಬಂದರೂ ಇನ್ನೂ ಸುತ್ತುತ್ತಾನೇ ಇರುತ್ತೆ. ಯಾವುದಾದರೂ ಫ್ರೀ ಸಾಫ್ಟ್‌ವೇರ್ ಹೇಳು." ಆ ಪ್ರಶ್ನೆಯೇ ಇವತ್ತಿನ ಮಾತಿಗೆ ಕಾರಣ. ನಾನು ಎಂ.ಟೆಕ್. ಮಾಡಿದ್ದು ನಿಜ. ಆದರೆ ಮನೆಯ ಕಂಪ್ಯೂಟರನ್ನು ಸ್ವಚ್ಛ ಮಾಡುವುದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ. ಅದನ್ನು ನಾನು ಕಲಿತದ್ದು ಕೆಡಿಸಿಯೇ. ಕೆಡಿಸಿದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ನೊಂದವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಹೇಳಲು ಅವರ ಅನುಮತಿ ಪಡೆದಿದ್ದೇನೆ.

2019ರ ದೀಪಾವಳಿ. ಅತ್ತೆಯವರ ಹಳೆಯ ಲ್ಯಾಪ್‌ಟಾಪ್ ತುಂಬಾ ನಿಧಾನವಾಗಿತ್ತು. ಮನೆಯೆಲ್ಲ ಗುಡಿಸಿ ಒರೆಸುತ್ತಿರುವಾಗ ಇದನ್ನೂ ಒಂದು ಕೈ ನೋಡೋಣ ಅಂತ ಸಂಜೆ ಕೂತೆ. ಅದರೊಳಗೆ ಯಾವುದೋ ಒಂದು ಉಚಿತ 'ಕ್ಲೀನರ್' ತಾನೇ ಬಂದು ಕೂತಿತ್ತು. ಹೆಸರು ಬೇಡ. 'ನಿಮ್ಮ ಗಣಕದಲ್ಲಿ ಸಾವಿರಕ್ಕೂ ಹೆಚ್ಚು ದೋಷಗಳಿವೆ' ಎಂದು ಕೆಂಪಕ್ಷರದಲ್ಲಿ ಹೆದರಿಸಿ, ಸರಿಮಾಡಲು ದುಡ್ಡು ಕೇಳುತ್ತಿತ್ತು. ಅದನ್ನು ತೆಗೆದುಹಾಕಿದೆ. ಅದು ಸರಿಯಾದ ಕೆಲಸ. ಅಲ್ಲಿಗೇ ನಿಲ್ಲಿಸಿದ್ದರೆ ಇವತ್ತು ಈ ಭಾಷಣ ಇರುತ್ತಿರಲಿಲ್ಲ.

ಉತ್ಸಾಹ ಬಂತು. ವರ್ಷಗಳಿಂದ ಯಾರೂ ತೆರೆಯದ ಪ್ರೋಗ್ರಾಂಗಳನ್ನು ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿದೆ. ಅದರಲ್ಲಿ ಹಳೆಯ 'ನುಡಿ'ಯೂ ಒಂದು. ಈಗೆಲ್ಲ ಯೂನಿಕೋಡ್ ಇದೆಯಲ್ಲ, ಇದೇಕೆ ಎಂದುಕೊಂಡೆ. ಫಾಂಟ್‌ಗಳ ಫೋಲ್ಡರಿಗೆ ಹೋಗಿ ಅದರ ಫಾಂಟ್‌ಗಳನ್ನೂ ಅಳಿಸಿದೆ. ಆಮೇಲೆ ವಿಂಡೋಸ್‌ನ ಡಿಸ್ಕ್ ಕ್ಲೀನಪ್ ತೆರೆದು, ಬಂದ ಪಟ್ಟಿಗೆಲ್ಲ ಮೇಲಿಂದ ಕೆಳಗಿನ ತನಕ ಟಿಕ್ ಹಾಕಿ ಸರಿ ಎಂದು ಒತ್ತಿದೆ. ಅರವತ್ತು ಜಿಬಿಯಷ್ಟು ಜಾಗ ಖಾಲಿಯಾಯಿತು. ಗಂಡನನ್ನು ಕರೆದು ತೋರಿಸಿದೆ.

ನಾಲ್ಕು ದಿನದ ನಂತರ ಅತ್ತೆ ಲ್ಯಾಪ್‌ಟಾಪ್ ತೆರೆದರು. "ಅಯ್ಯ, ಇದೇನವಾ! ನನ್ನ ಹಾಡೆಲ್ಲಾ ಇಂಗ್ಲೀಷ್ ಆಗ್ಯಾವಲ್ಲ?"

ಅತ್ತೆ ಧಾರವಾಡದ ಕಡೆಯವರು. ಅವರ ತಾಯಿ, ಚಿಗವ್ವಂದಿರು ಹಾಡುತ್ತಿದ್ದ ಸೋಬಾನದ ಹಾಡು, ಆರತಿ ಹಾಡು, ಬೀಸುವ ಕಲ್ಲಿನ ಪದಗಳನ್ನೆಲ್ಲ ನೂರಕ್ಕೂ ಮೀರಿ ಟೈಪ್ ಮಾಡಿ ಇಟ್ಟಿದ್ದರು. ಎಲ್ಲವೂ ಹಳೆಯ ನುಡಿಯಲ್ಲಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಿಮ್ಮಲ್ಲಿ ಹಲವರ ಮನೆಯಲ್ಲಿ ಇಂಥ ಫೈಲುಗಳಿವೆ. ಸಂಘದ ಹಳೆಯ ಸ್ಮರಣ ಸಂಚಿಕೆಗಳೂ ಹೀಗೇ ಇದ್ದರೆ ಆಶ್ಚರ್ಯವಿಲ್ಲ.

ಹಳೆಯ ನುಡಿ, ಹಳೆಯ ಬರಹದಲ್ಲಿ ಟೈಪ್ ಮಾಡಿದ ಫೈಲಿನೊಳಗೆ ನಿಜವಾಗಿ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಿರುತ್ತವೆ. ಆ ಫಾಂಟ್ ಮಾತ್ರ ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತದೆ. 'ಕನ್ನಡ' ಅನ್ನುವ ಪದವನ್ನೇ ಫಾಂಟ್ ತೆಗೆದು ನೋಡಿದರೆ ಒಂದು 'ಪಿ', ತಲೆಯ ಮೇಲೆ ಓರೆಗೀಟು ಹೊತ್ತ ಒಂದು 'ಎ', ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ! ಯೂನಿಕೋಡ್ ಹಾಗಲ್ಲ. ಅದರಲ್ಲಿ 'ಕ'ಕ್ಕೆ ತನ್ನದೇ ಸಂಖ್ಯೆ ಇದೆ. ವಿಂಡೋಸ್‌ನ ತುಂಗಾ ಇರಲಿ, ನಿರ್ಮಲಾ ಇರಲಿ, ಮೊಬೈಲಿನ ಫಾಂಟ್ ಇರಲಿ, ಎಲ್ಲದರಲ್ಲೂ 'ಕ' ಅದು 'ಕ'ವೇ.

ಈ ಭಾಗ ಸುಖಾಂತ್ಯ. ಫೈಲುಗಳು ಇದ್ದಲ್ಲೇ ಇದ್ದವು, ಬಟ್ಟೆ ಮಾತ್ರ ಹೋಗಿತ್ತು. ನುಡಿ ಉಚಿತವಾದ ತಂತ್ರಾಂಶ. ಮತ್ತೆ ತಂದು ಹಾಕಿದ ತಕ್ಷಣ ಹಾಡುಗಳು ಮರಳಿದವು. ಆಮೇಲೆ ಪರಿವರ್ತಕ ಬಳಸಿ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದೆ. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಎಡವುತ್ತವೆ, ಕೂತು ತಿದ್ದಬೇಕು. ತಿದ್ದಿ ಮುಗಿಯುವವರೆಗೆ ಮೂಲ ಫೈಲನ್ನು ದಯವಿಟ್ಟು ಅಳಿಸಬೇಡಿ.

ಆದರೆ ಅಷ್ಟರಲ್ಲಿ ಅತ್ತೆ ಕೇಳಿದರು, "ಅಕ್ಕನ ದನಿ ಎಲ್ಲಿ ಹೋತವಾ?"

ಅವರ ಹಿರಿಯಕ್ಕ ಊರಿನಲ್ಲಿ ಹಾಡಿದ್ದನ್ನು ತಂಗಿಯ ಮಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದ. ಹನ್ನೊಂದು ಹಾಡು. ಅತ್ತೆ ವಾಟ್ಸಾಪ್ ವೆಬ್‌ನಿಂದ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದರು. ಅವು ಹೋಗಿ ಕೂತದ್ದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ. ಆ ಹೊತ್ತಿಗೆ ದೊಡ್ಡತ್ತೆ ತೀರಿಕೊಂಡು ಆರು ತಿಂಗಳಾಗಿತ್ತು. ಅತ್ತೆಯ ಮೊಬೈಲೂ ಬದಲಾಗಿತ್ತು, ಆ ಹುಡುಗನದೂ ಬದಲಾಗಿತ್ತು.

ಆಗಿನ ವಿಂಡೋಸ್ 10ರ ಡಿಸ್ಕ್ ಕ್ಲೀನಪ್ ಪಟ್ಟಿಯಲ್ಲಿ ತಾತ್ಕಾಲಿಕ ಫೈಲು, ಹಳೆಯ ಅಪ್‌ಡೇಟ್‌ಗಳ ನಡುವೆ 'ಡೌನ್‌ಲೋಡ್ಸ್' ಎಂಬ ಸಾಲೂ ಇತ್ತು. 2020ರ ಆವೃತ್ತಿಯಿಂದ ಅದನ್ನು ಅಲ್ಲಿಂದ ತೆಗೆದರು. ಆದರೆ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಈಗಲೂ ಆ ಹೆಸರು ಕಾಣುತ್ತದೆ. ಟಿಕ್ ಹಾಕಿದ್ದು ನಾನು, ಓದದೆ ಹಾಕಿದ್ದು ನಾನು. ಹೀಗೆ ಅಳಿಸಿದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಅತ್ತೆ ಬೈಯಲಿಲ್ಲ. "ಹೋಗ್ಲಿ ಬಿಡು, ನೀ ಏನ್ ಬೇಕಂತ ಮಾಡೀಯೇನು" ಅಂದು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅಳಿಸಿದ ಫೈಲು ಹಾರ್ಡ್‌ಡಿಸ್ಕಿನಿಂದ ತಕ್ಷಣ ಮಾಯವಾಗುವುದಿಲ್ಲ. ಅದರ ಜಾಗ ಖಾಲಿ ಎಂದು ಗುರುತಾಗುತ್ತದೆ, ಅಷ್ಟೇ. ಮೇಲೆ ಬೇರೇನಾದರೂ ಬರೆಯುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಆದ್ದರಿಂದ ಏನಾದರೂ ತಪ್ಪಿ ಅಳಿಸಿದಿರಿ ಎಂದು ಗೊತ್ತಾದ ಕ್ಷಣ ಆ ಕಂಪ್ಯೂಟರಿನಲ್ಲಿ ಕೆಲಸ ನಿಲ್ಲಿಸಿ. ಹುಡುಕಿ ತೆಗೆಯುವ ಸಾಫ್ಟ್‌ವೇರನ್ನೂ ಅದೇ ಡಿಸ್ಕಿಗೆ ಇಳಿಸಬೇಡಿ, ಅದೇ ಹೋಗಿ ನಿಮ್ಮ ಫೈಲಿನ ಮೇಲೆ ಕೂತೀತು. ಇನ್ನೊಂದು ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಹಾಕಿಕೊಂಡು ಬನ್ನಿ. ನಾನು ಬಳಸಿದ್ದು ಫೋಟೋರೆಕ್. ಉಚಿತ, ಮುಕ್ತ ತಂತ್ರಾಂಶ. ಹೆಸರಿನಲ್ಲಿ ಫೋಟೋ ಇದ್ದರೂ ಧ್ವನಿ, ದಾಖಲೆಗಳನ್ನೂ ಹುಡುಕುತ್ತದೆ. ನೋಡಲು ಕಪ್ಪು ಪರದೆ, ಬಿಳಿ ಅಕ್ಷರ. ಹೆದರಬೇಡಿ. ರೆಕುವಾ ಎಂಬ ಇನ್ನೊಂದಿದೆ, ಅದು ನೋಡಲು ಸರಳ.

ಆ ರಾತ್ರಿಯಿಡೀ ಅದು ಓಡಿತು. ಫೋಟೋರೆಕ್ ಫೈಲಿನ ಹಳೆಯ ಹೆಸರನ್ನು ತರುವುದಿಲ್ಲ, ಬರೀ ನಂಬರ್ ಕೊಡುತ್ತದೆ. ಬೆಳಿಗ್ಗೆ ನೂರಾರು ಧ್ವನಿ ತುಣುಕುಗಳು ಬಂದು ಬಿದ್ದಿದ್ದವು. ಗುಡ್ ಮಾರ್ನಿಂಗ್ ಸಂದೇಶ, ಯಾರದೋ ಪ್ರವಚನ, ಬ್ಯಾಂಕಿನ ಜಾಹೀರಾತು. ಅತ್ತೆ ಎರಡು ದಿನ ಇಯರ್‌ಫೋನ್ ಹಾಕಿಕೊಂಡು ಒಂದೊಂದನ್ನೇ ಕೇಳಿದರು. ನಡುನಡುವೆ ಕೈ ಎತ್ತಿ "ಇದು, ಇದು" ಅನ್ನುವರು, ನಾನು ಹೆಸರು ಬರೆಯುವೆ. ಎಂಟು ಸಿಕ್ಕವು. ಮೂರು ಸಿಗಲಿಲ್ಲ. ನಡುವೆ ಕಳೆದ ನಾಲ್ಕು ದಿನಗಳಲ್ಲಿ ವಿಂಡೋಸ್ ಒಂದು ದೊಡ್ಡ ಅಪ್‌ಡೇಟ್ ಇಳಿಸಿಕೊಂಡಿತ್ತು. ಆ ಮೂರರ ಮೇಲೆ ಅದೇ ಬಂದಿರಬೇಕು. ಲ್ಯಾಪ್‌ಟಾಪ್ ಹಳೆಯದಾಗಿದ್ದದ್ದೇ ಪುಣ್ಯ. ಈಗಿನ ಎಸ್‌ಎಸ್‌ಡಿಗಳಲ್ಲಿ 'ಟ್ರಿಮ್' ಎಂಬ ವ್ಯವಸ್ಥೆ ಇದೆ. ಅಳಿಸಿದ ಜಾಗವನ್ನು ಡ್ರೈವ್ ತಾನೇ ಬೇಗ ಬರಿದು ಮಾಡಿಕೊಳ್ಳುತ್ತದೆ. ಅದರಲ್ಲಾಗಿದ್ದರೆ ಎಂಟೂ ಸಿಗುತ್ತಿದ್ದುದು ಅನುಮಾನ.

ಇನ್ನು ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ನಾನು ಈಗ ಯಾರದೇ ಕಂಪ್ಯೂಟರ್ ಕೈಗೆ ತೆಗೆದುಕೊಂಡರೂ ಮೊದಲು ಅಳಿಸುವುದಿಲ್ಲ, ಮೊದಲು ನೋಡುತ್ತೇನೆ. ನೋಡಲಿಕ್ಕೆ ಎರಡು ಉಚಿತ ಸಾಧನಗಳು ಸಾಕು.

ಒಂದು, ಕ್ರಿಸ್ಟಲ್ ಡಿಸ್ಕ್ ಇನ್ಫೋ. ಹಾರ್ಡ್‌ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಇದು ಅದನ್ನು ಓದಿ ಹೇಳುತ್ತದೆ. ನೀಲಿ ಇದ್ದರೆ ಸರಿ, ಹಳದಿ ಇದ್ದರೆ ಎಚ್ಚರಿಕೆ, ಕೆಂಪು ಇದ್ದರೆ ಆ ಕ್ಷಣವೇ ಫೋಟೋಗಳನ್ನು ಬೇರೆ ಕಡೆಗೆ ಸಾಗಿಸಿ. ಕಂಪ್ಯೂಟರ್ ನಿಧಾನವಾಗಿದೆ ಎಂದು ದೂರುವವರಲ್ಲಿ ಕೆಲವರ ಡಿಸ್ಕ್ ಸಾಯುತ್ತಿರುತ್ತದೆ. ಅದಕ್ಕೆ ಗುಡಿಸುವುದು ಮದ್ದಲ್ಲ. ನೀಲಿ ಇದ್ದರೂ ನಕಲು ಬೇಡ ಎಂದಲ್ಲ, ಮುನ್ಸೂಚನೆ ಕೊಡದೆ ಸಾಯುವ ಡಿಸ್ಕುಗಳೂ ಇವೆ.

ಎರಡು, ವಿನ್‌ಡರ್‌ಸ್ಟಾಟ್. ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಎಂದು ಬಣ್ಣಬಣ್ಣದ ಚೌಕಗಳಲ್ಲಿ ತೋರಿಸುತ್ತದೆ, ನೋಡಿದರೆ ಕೌದಿ ನೆನಪಾಗುತ್ತದೆ. ದೊಡ್ಡ ಚೌಕದ ಮೇಲೆ ಒತ್ತಿದರೆ ಆ ಫೈಲಿನ ಹೆಸರು ಬರುತ್ತದೆ. ಸಾಮಾನ್ಯವಾಗಿ ಸಿಗುವುದು ಯಾರದೋ ಮದುವೆಯ ವಿಡಿಯೋ ಮೂರು ಪ್ರತಿ, ಅಥವಾ ಹಳೆಯ ವಿಂಡೋಸ್ ಬಿಟ್ಟುಹೋದ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್. ಮದುವೆಯ ಪ್ರತಿಗಳನ್ನು ನೀವೇ ಆರಿಸಿ ಅಳಿಸಿ. ವಿಂಡೋಸ್‌ನದ್ದನ್ನು ಮಾತ್ರ ಕೈಯಿಂದ ಅಳಿಸದೆ ಡಿಸ್ಕ್ ಕ್ಲೀನಪ್ ಅಥವಾ ಸ್ಟೋರೇಜ್ ಸೆಟ್ಟಿಂಗ್ಸ್‌ಗೆ ಬಿಡಿ. ಒಂದೊಂದು ಸಾಲನ್ನೂ ಓದಿ ಟಿಕ್ ಹಾಕಿ. ನಾನು ಓದಲಿಲ್ಲ.

ಬೇರೆ 'ಕ್ಲೀನರ್' ಬೇಕೇ ಎಂದರೆ, ನನ್ನ ಅಭಿಪ್ರಾಯದಲ್ಲಿ ಬೇಡ. ಬ್ಲೀಚ್‌ಬಿಟ್ ಎಂಬ ಮುಕ್ತ ತಂತ್ರಾಂಶ ಇದೆ, ಚೆನ್ನಾಗಿದೆ, ಆದರೆ ಏನು ಮಾಡುತ್ತಿದ್ದೇವೆಂದು ತಿಳಿದವರಿಗೆ. ಖಾಲಿ ಜಾಗವನ್ನು ಪೂರ್ತಿ ಒರೆಸುವ ಆಯ್ಕೆಯೂ ಅದರಲ್ಲಿದೆ. ಅದನ್ನು ಬಳಸಿದರೆ ಫೋಟೋರೆಕ್‌ಗೂ ಏನೂ ಸಿಗದು. ರಿಜಿಸ್ಟ್ರಿ ಕ್ಲೀನರ್‌ಗಳನ್ನಂತೂ ಮುಟ್ಟಬೇಡಿ. ಸಿಗುವ ಲಾಭ ಕಾಣದಷ್ಟು ಚಿಕ್ಕದು, ಕೆಟ್ಟರೆ ಕಂಪ್ಯೂಟರೇ ಏಳುವುದಿಲ್ಲ. ಇನ್ನೊಂದು ವಿಷಯ: ಪ್ರಸಿದ್ಧವಾದ ಸಿಸಿಕ್ಲೀನರ್ ಹೆಸರು ನೀವೆಲ್ಲ ಕೇಳಿದ್ದೀರಿ. 2017ರಲ್ಲಿ ಅದರ 5.33ನೇ ಆವೃತ್ತಿಯೊಳಗೆ ಹ್ಯಾಕರ್‌ಗಳು ದುಷ್ಟ ಕೋಡ್ ಸೇರಿಸಿದ್ದರು. ಅಧಿಕೃತ ತಾಣದಿಂದಲೇ ಇಳಿಸಿಕೊಂಡವರು ಸಿಕ್ಕಿಬಿದ್ದರು, ಸುಮಾರು 22.7 ಲಕ್ಷ ಕಂಪ್ಯೂಟರ್‌ಗಳು. ಬೇಗನೆ ಸರಿಪಡಿಸಿದರು, ನಿಜ. ನಾನು ಹೇಳುವುದಿಷ್ಟೆ: ಇನ್‌ಸ್ಟಾಲ್ ಮಾಡುವ ಪ್ರತಿಯೊಂದು ಸಾಫ್ಟ್‌ವೇರಿಗೂ ಮನೆಯ ಕೀಲಿ ಕೊಟ್ಟ ಹಾಗೆ. ಎರಡು ಮೂರು ಜನಕ್ಕೆ ಕೊಡಬಹುದು, ಹದಿನೈದು ಜನಕ್ಕೆ ಬೇಡ.

ಆನ್ ಆಗಲು ಚಹಾ ಕುಡಿಯುವಷ್ಟು ಹೊತ್ತು ಬೇಕು ಅಂದಿರಲ್ಲ, ಅದಕ್ಕೆ: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸ್ಟಾರ್ಟಪ್ ಎಂಬಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಇದು ಅಳಿಸುವುದಲ್ಲ, ತಾನಾಗಿ ಏಳದಂತೆ ಮಾಡುವುದು ಮಾತ್ರ. ಬೇಕೆನಿಸಿದರೆ ಮತ್ತೆ ಎನೇಬಲ್ ಮಾಡಬಹುದು. ಡಿಫ್ರಾಗ್ ಬಗ್ಗೆ ಕೇಳುವವರಿಗೆ, ಅದನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ, ಎಸ್‌ಎಸ್‌ಡಿಗೆ ನೀವು ಪ್ರತ್ಯೇಕ ಸಾಫ್ಟ್‌ವೇರ್ ತರಬೇಡಿ. ಇಷ್ಟಾದರೂ ಹಳೆಯ ಹಾರ್ಡ್‌ಡಿಸ್ಕಿನ ಲ್ಯಾಪ್‌ಟಾಪ್ ನಿಧಾನವಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಯಾವ ಉಚಿತ ತಂತ್ರಾಂಶವೂ ಅಷ್ಟು ವೇಗ ತರಲಾರದು.

'ನಿಮ್ಮ ಗಣಕಕ್ಕೆ ವೈರಸ್ ತಗುಲಿದೆ' ಎಂದು ಮೂಲೆಯಲ್ಲಿ ಪದೇ ಪದೇ ಬರುವ ಚೀಟಿ ಹೆಚ್ಚಾಗಿ ವೈರಸ್ ಅಲ್ಲ. ಯಾವುದೋ ತಾಣ 'ನೋಟಿಫಿಕೇಶನ್ ಕಳಿಸಲಾ?' ಎಂದಾಗ ನೀವು 'ಅಲೋ' ಒತ್ತಿದ್ದೀರಿ. ಬ್ರೌಸರ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್‌ಗೆ ಹೋಗಿ ಆ ತಾಣವನ್ನು ತೆಗೆಯಿರಿ. ಅನುಮಾನ ಉಳಿದರೆ ವಿಂಡೋಸ್‌ನಲ್ಲೇ ಇರುವ ಡಿಫೆಂಡರ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿ, ಬೇಕಿದ್ದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯಿಂದ ಇನ್ನೊಮ್ಮೆ. ಆದರೆ ಆ ಚೀಟಿಯಲ್ಲಿರುವ ಫೋನ್ ನಂಬರಿಗೆ ಮಾತ್ರ ಎಂದೂ ಕರೆ ಮಾಡಬೇಡಿ. 'ಕಂಪನಿಯಿಂದ' ಎಂದು ಹೇಳಿಕೊಂಡವರಿಗೆ ನಿಮ್ಮ ಪರದೆಯನ್ನು ಬಿಟ್ಟುಕೊಡಬೇಡಿ. ದುಡ್ಡು ಹೋಗಿಯೇಬಿಟ್ಟರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ.

ವಿಂಡೋಸ್ 10 ಇನ್ನೂ ಇರುವವರಿಗೆ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ಎಷ್ಟು ಗುಡಿಸಿದರೂ ಬಾಗಿಲ ಚಿಲಕ ಹಳೆಯದೇ. ನಿಮ್ಮ ಕಂಪ್ಯೂಟರ್ 11ಕ್ಕೆ ಹೋಗುತ್ತದೆಯೇ ಎಂದು ಚಹಾ ಹೊತ್ತಿನಲ್ಲಿ ನೋಡೋಣ.

ಅತ್ತೆಯ ಎಂಟು ಹಾಡುಗಳು ಈಗ ಮೂರು ಕಡೆ ಇವೆ. ಲ್ಯಾಪ್‌ಟಾಪಿನಲ್ಲಿ, ಗೂಗಲ್ ಡ್ರೈವಿನಲ್ಲಿ, ಮತ್ತೆ ಒಂದು ಪೆನ್‌ಡ್ರೈವಿನಲ್ಲಿ. ಆ ಪೆನ್‌ಡ್ರೈವ್ ಅತ್ತೆಯ ಬಳೆಯ ಪೆಟ್ಟಿಗೆಯಲ್ಲಿದೆ, ಅದರ ಕೀಲಿ ನನ್ನ ಹತ್ತಿರ ಇಲ್ಲ. ಆ ಮೂರು ಹಾಡುಗಳಲ್ಲಿ ಎರಡರ ಧಾಟಿ ಅತ್ತೆಗೆ ನೆನಪಿದೆ, ತಾವೇ ಹಾಡಿ ರೆಕಾರ್ಡ್ ಮಾಡಿಸಿದ್ದಾರೆ. ಮೂರನೆಯದು ಬರೀ ಯೂನಿಕೋಡ್ ಅಕ್ಷರದಲ್ಲಿ ಉಳಿದಿದೆ, ಅದರ ಧಾಟಿ ಯಾರಿಗೂ ಗೊತ್ತಿಲ್ಲ.

ಸರಿ, ಪ್ರೊಜೆಕ್ಟರ್ ಆನ್ ಇದೆ, ವಿನ್‌ಡರ್‌ಸ್ಟಾಟ್ ಇರುವ ಪೆನ್‌ಡ್ರೈವ್ ನನ್ನ ಕೈಯಲ್ಲಿದೆ. ಏನನ್ನೂ ಅಳಿಸುವುದಿಲ್ಲ, ಬರೀ ನೋಡುತ್ತೇವೆ. ಯಾರ ಲ್ಯಾಪ್‌ಟಾಪ್ ಮೊದಲು?