ಗಡಿಯಾರದ ಮುಳ್ಳೂ ಹೊತ್ತಿನ ನಡೆಯೂ

ಕಳೆದ ನವೆಂಬರಿನ ಮೊದಲನೆಯ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ಗಾಬರಿಯಾಯಿತು. ನನ್ನ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಪ್ರತಿ ಭಾನುವಾರ ಅಲ್ಲಿಯ ಬೆಳಗಿನ ಹತ್ತು ಗಂಟೆಗೆ, ಎಂದರೆ ನಮ್ಮ ಸಂಜೆಯ ಏಳೂವರೆಗೆ, ಅವನ ಫೋನು ಬರುವುದು ವಾಡಿಕೆ. ಎಂಬತ್ತು ದಾಟಿದ ನನ್ನ ತಾಯಿ ದೇವರಿಗೆ ದೀಪ ಹಚ್ಚಿ ಬಂದು ಫೋನಿನ ಬಳಿ ಕೂತರು. ಏಳೂವರೆಯಾಯಿತು, ಎಂಟಾಯಿತು, ಫೋನು ಬರಲಿಲ್ಲ. ಊಟಕ್ಕೆ ಕರೆದರೆ ಏಳಲೊಲ್ಲರು. ಎಂಟೂವರೆಗೆ ಸರಿಯಾಗಿ ಗಂಟೆ ಬಾರಿಸಿತು. “ನಾನು ಹತ್ತು ಗಂಟೆಗೇ ಮಾಡಿದ್ದೇನಲ್ಲ, ಅಜ್ಜಿ! ಈ ದಿನ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದಾರೆ” ಎಂದ ಮೊಮ್ಮಗ. ತಾಯಿ ಕೇಳಿದರು: “ಇವರು ಮುಳ್ಳು ತಿರುಗಿಸಿದರೆ ಹೊತ್ತು ಕೇಳುತ್ತದೆಯೆ?”

ಶ್ರೋತೃಗಳೆ, ಆ ಪ್ರಶ್ನೆಯನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತಿದ್ದೇನೆ.

ಅಮೆರಿಕದ ಬಹುಪಾಲು ಪ್ರಾಂತಗಳಲ್ಲಿ ಮಾರ್ಚಿಯ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ನವೆಂಬರಿನ ಮೊದಲನೆಯ ಭಾನುವಾರ ಹಿಂದಕ್ಕೆ ತರುತ್ತಾರೆ. ಯೂರೋಪಿನಲ್ಲಿ ಮಾರ್ಚಿ ಮತ್ತು ಅಕ್ಟೋಬರುಗಳ ಕೊನೆಯ ಭಾನುವಾರಗಳಲ್ಲಿ ಇದು ನಡೆಯುತ್ತದೆ. ಹಗಲಿನ ಬೆಳಕನ್ನು ಉಳಿಸುವ ಉಪಾಯವೆಂದು ಇದಕ್ಕೆ ಹೆಸರು.

ಇದು ಹುಚ್ಚಾಟವೆಂದು ನಗುವ ಮೊದಲು ಅವರ ನಾಡಿನ ಹಗಲನ್ನು ನೋಡಬೇಕು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ. ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಮೆ. ಗ್ರೀನಿಚ್ ಕಾಲದಂತೆ ಜೂನಿನಲ್ಲಿ ಅಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮೂಡುತ್ತಾನೆ, ಊರು ಮಲಗಿರುತ್ತದೆ. ವಿಲಿಯಂ ವಿಲೆಟ್ ಎಂಬ ಮನೆ ಕಟ್ಟಿಸುವ ಕಂತ್ರಾಟುದಾರ ಮುಂಜಾನೆ ಕುದುರೆಸವಾರಿ ಹೋಗುತ್ತ, ಬಿಸಿಲು ಬಿದ್ದ ಬೀದಿಯಲ್ಲಿ ಮುಚ್ಚಿದ ಕಿಟಕಿಗಳನ್ನು ಕಂಡು ಮರುಗಿದನಂತೆ. 1907ರಲ್ಲಿ ಅವನೊಂದು ಕಿರುಹೊತ್ತಗೆ ಬರೆದು, ಏಪ್ರಿಲಿನ ನಾಲ್ಕು ಭಾನುವಾರಗಳಲ್ಲಿ ಇಪ್ಪತ್ತಿಪ್ಪತ್ತು ನಿಮಿಷ ಗಡಿಯಾರವನ್ನು ಮುಂದೂಡಿರೆಂದು ಸಲಹೆ ಕೊಟ್ಟ. ಫಲ ಕಾಣದೆ 1915ರಲ್ಲಿ ತೀರಿಕೊಂಡ. ಮರುವರ್ಷವೇ ಏಪ್ರಿಲ್ 30ರಂದು ಜರ್ಮನಿ ಯುದ್ಧಕ್ಕಾಗಿ ಕಲ್ಲಿದ್ದಲು ಉಳಿಸಲು ಈ ಕ್ರಮವನ್ನು ಜಾರಿಗೆ ತಂದಿತು. ಮೇ ತಿಂಗಳಲ್ಲಿ ಬ್ರಿಟನ್ನೂ ಹಿಂಬಾಲಿಸಿತು.

ನಮ್ಮ ನಾಡೂ ಇದರ ರುಚಿ ಕಂಡಿದೆ. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಭಾರತದ ಗಡಿಯಾರಗಳು ಒಂದು ಗಂಟೆ ಮುಂದಿದ್ದುವು. ಯುದ್ಧ ಮುಗಿಯಿತು, ಮುಳ್ಳೂ ಸ್ವಸ್ಥಾನಕ್ಕೆ ಬಂತು.

ದೀಪವೇ ವಿದ್ಯುತ್ತಿನ ಮುಖ್ಯ ವೆಚ್ಚವಾಗಿದ್ದಾಗ ಉಳಿತಾಯದ ಮಾತಿಗೆ ಅರ್ಥವಿತ್ತು. ಈಗ ದೀಪದ ಖರ್ಚು ಅಲ್ಪ; ಮನೆಯನ್ನು ತಂಪಾಗಿಸುವ ಯಂತ್ರದ ಖರ್ಚು ಬಹಳ. ಅಮೆರಿಕದ ಇಂಡಿಯಾನಾ ಪ್ರಾಂತ 2006ರಲ್ಲಿ ಇಡೀ ಪ್ರಾಂತಕ್ಕೆ ಈ ಪದ್ಧತಿಯನ್ನು ಅನ್ವಯಿಸಿದಾಗ, ಮನೆಗಳ ವಿದ್ಯುತ್ ಬಳಕೆ ಇಳಿಯುವುದಿರಲಿ, ಸುಮಾರು ನೂರಕ್ಕೆ ಒಂದರಷ್ಟು ಏರಿದ್ದನ್ನು ಅರ್ಥಶಾಸ್ತ್ರಜ್ಞರು ಕಂಡರು. ವಸಂತದಲ್ಲಿ ಒಂದು ಗಂಟೆ ನಿದ್ದೆ ಕಳೆದುಕೊಂಡ ಬಳಿಕದ ದಿನಗಳಲ್ಲಿ ಹೃದಯಾಘಾತಗಳು ತುಸು ಹೆಚ್ಚುವುದನ್ನು ಸ್ವೀಡನ್ನಿನ ವೈದ್ಯರು 2008ರಲ್ಲಿ ಪ್ರಕಟಿಸಿದರು.

ಹಾಗಾದರೆ ತಿರುಗಿಸುವುದನ್ನು ನಿಲ್ಲಿಸಬಾರದೆ? ತೊಡಕಿರುವುದು ಇಲ್ಲಿಯೇ. ನಿಲ್ಲಿಸಿದರೆ ಯಾವ ಕಾಲದಲ್ಲಿ ನಿಲ್ಲಿಸಬೇಕು, ಬೇಸಗೆಯದರಲ್ಲೋ ಚಳಿಗಾಲದ್ದರಲ್ಲೋ? ಯೂರೋಪಿನ ಸಂಸತ್ತು 2019ರಲ್ಲಿ ಈ ಪದ್ಧತಿ ಸಾಕೆಂದು ಮತ ಹಾಕಿತು. ಸದಸ್ಯ ರಾಷ್ಟ್ರಗಳು ಒಮ್ಮತಕ್ಕೆ ಬಾರದೆ ಮಾತು ಅಲ್ಲಿಯೇ ಉಳಿಯಿತು. ಅಮೆರಿಕ 1974ರ ಜನವರಿಯಲ್ಲಿ ವರ್ಷವಿಡೀ ಬೇಸಗೆಯ ಕಾಲವನ್ನೇ ಇಟ್ಟು ನೋಡಿತು. ಸಂಜೆಯ ಬೆಳಕೇನೋ ಹಿತವೇ. ಆದರೆ ಮಕ್ಕಳು ಕಗ್ಗತ್ತಲೆಯಲ್ಲಿ ಶಾಲೆಯ ಬಸ್ಸಿಗಾಗಿ ನಿಲ್ಲಬೇಕಾಯಿತು. ತಾಯಿತಂದೆಗಳ ಕೂಗು ಎದ್ದು, ಆ ವರ್ಷದ ಅಕ್ಟೋಬರಿನಲ್ಲಿಯೇ ಹಿಂದೆ ಸರಿದರು. ರಷ್ಯಾ ದೇಶವೂ 2011ರಲ್ಲಿ ಬೇಸಗೆಯ ಕಾಲವನ್ನು ಖಾಯಂ ಮಾಡಿ, 2014ರಲ್ಲಿ ಚಳಿಗಾಲದ ಕಾಲಕ್ಕೆ ಮರಳಿತು. ಹಾಸಿಗೆಯ ಉದ್ದ ಅಷ್ಟೇ ಇರುವಾಗ ಹೊದಿಕೆಯನ್ನು ತಲೆಗೆಳೆದರೆ ಕಾಲು ಬಯಲಾಗುತ್ತದೆ. ಸಂಜೆಗೆ ಎಳೆದ ಬೆಳಕು ಬೆಳಗಿನಿಂದ ಕಿತ್ತದ್ದೇ ಸರಿ.

ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಋತುವಿಗೊಮ್ಮೆ ಮುಳ್ಳು ತಿರುಗಿಸುವ ಅಗತ್ಯ ನಮಗಿಲ್ಲ. ಆದರೂ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ. ದೇಶದ ಪೂರ್ವದ ತುದಿಗೂ ಪಶ್ಚಿಮದ ತುದಿಗೂ ಸೂರ್ಯನ ನಡೆಯಲ್ಲಿ ಎರಡು ಗಂಟೆಗಳಷ್ಟು ಅಂತರವುಂಟು. ಗಡಿಯಾರ ಮಾತ್ರ ಒಂದೇ. ಅಸ್ಸಾಮಿನ ಚಹಾ ತೋಟಗಳು ಒಂದು ಗಂಟೆ ಮುಂದಾದ ತಮ್ಮದೇ ‘ಬಾಗಾನ್’ ವೇಳೆಯನ್ನು ಇಟ್ಟುಕೊಂಡಿವೆ. ಬೆಂಗಳೂರಿನ ವಿದ್ವಾಂಸರಿಬ್ಬರು ಇಡೀ ದೇಶದ ಗಡಿಯಾರವನ್ನು ಅರ್ಧ ಗಂಟೆ ಶಾಶ್ವತವಾಗಿ ಮುಂದಿಟ್ಟರೆ ಸಂಜೆಯ ವಿದ್ಯುತ್ತು ಬಹಳ ಉಳಿಯುವುದೆಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಅವರ ಲೆಕ್ಕವನ್ನು ನಾನು ಅಲ್ಲಗಳೆಯಲಾರೆ. ಆದರೆ ಮೇಷ್ಟರ ಕಣ್ಣಿಗೆ ಬೇರೊಂದು ಲೆಕ್ಕ ಕಾಣುತ್ತದೆ. ಜನವರಿಯ ಕೊನೆಯಲ್ಲಿ ಮಂಗಳೂರಿನ ಕಡೆ ಸೂರ್ಯ ಮೂಡುವಾಗ ಈಗಲೇ ಏಳು ಗಂಟೆಯ ಸಮೀಪ. ಅರ್ಧ ಗಂಟೆ ಮುಂದೂಡಿದರೆ ಅದು ಏಳೂವರೆಯಾಗುತ್ತದೆ. ಕಾಡುದಾರಿಯಲ್ಲಿ ಎರಡು ಮೈಲಿ ನಡೆದು ಬಸ್ಸು ಹಿಡಿಯುವ ಹುಡುಗಿ ಯಾವ ಬೆಳಕಿನಲ್ಲಿ ಹೊರಡಬೇಕು? ಅವಳಿಗಿಂತ ಮುಂಚೆ ಎದ್ದು ಬುತ್ತಿ ಕಟ್ಟುವ ತಾಯಿ ಯಾವಾಗ ಏಳಬೇಕು?

ಕನ್ನಡದಲ್ಲಿ ‘ಹೊತ್ತು’ ಎಂಬ ಒಂದೇ ಮಾತು ಸೂರ್ಯನಿಗೂ ಸಲ್ಲುತ್ತದೆ, ಸಮಯಕ್ಕೂ ಸಲ್ಲುತ್ತದೆ. ಹಳಗನ್ನಡದಲ್ಲಿ ಅದು ‘ಪೊೞ್ತು’. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು, ಹೊತ್ತಾಯಿತು ಎನ್ನುತ್ತೇವೆ. ನಮ್ಮ ಪಂಚಾಂಗದ ಘಳಿಗೆ, ಎಂದರೆ ಇಪ್ಪತ್ತನಾಲ್ಕು ನಿಮಿಷ, ಎಣಿಕೆಯಾಗುತ್ತಿದ್ದುದು ಸೂರ್ಯೋದಯದಿಂದ. ಸೂರ್ಯ ಬೇಗ ಮೂಡಿದರೆ ದಿನ ಬೇಗ, ತಡವಾದರೆ ತಡ. ನಮ್ಮ ಹಿರಿಯರ ಗಡಿಯಾರ ಯಾರೂ ಮುಟ್ಟದೆಯೇ ನಿತ್ಯ ತಿದ್ದಿಕೊಳ್ಳುತ್ತಿತ್ತು. ರೈಲೂ ತಂತಿಯೂ ಬಂದ ಮೇಲೆ ಅದು ಸಾಗದು, ನಿಜ. ಎಲ್ಲರಿಗೂ ಒಂದು ವೇಳೆ ಬೇಕು.

ಆದರೆ ವೇಳೆ ಒಂದಿದ್ದರೂ ಕೆಲಸದ ಗಂಟೆಯನ್ನು ಬದಲಿಸಬಹುದಷ್ಟೆ? ಕಲಬುರಗಿಯ ಕಡೆಯ ಬಿಸಿಲನ್ನು ನೀವು ಬಲ್ಲಿರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿ ಸರಕಾರಿ ಕಚೇರಿಗಳನ್ನು ಬೆಳಗಿನ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಸುವ ಪದ್ಧತಿಯುಂಟು. ಯಾವ ಗಡಿಯಾರವನ್ನೂ ಮುಟ್ಟಲಿಲ್ಲ. ಒಂದು ಆದೇಶ ಸಾಕಾಯಿತು. ಎಲ್ಲರೂ ಒಟ್ಟಿಗೆ ಬದಲಾಗಲು ಗಡಿಯಾರವನ್ನೇ ತಿರುಗಿಸುವುದು ಸುಲಭವೆಂಬ ವಾದವುಂಟು. ಸುಲಭವೇ ಸರಿ, ಆದರೆ ಬಿಸಿಲಿನ ಊರಿಗೆ ಬೇಕಾದದ್ದನ್ನು ಮಂಜಿನ ಊರಿನ ಮೇಲೂ ಹೇರಿದಂತಾಗುತ್ತದೆ. ಮುಳ್ಳನ್ನು ಇದ್ದಲ್ಲಿಯೇ ಬಿಟ್ಟು, ಶಾಲೆ ಕಚೇರಿಗಳ ಗಂಟೆಯನ್ನು ಆಯಾ ಸೀಮೆಯ ಬೆಳಕಿಗೆ ಹೊಂದಿಸುವುದೇ ಮೇಲೆಂದು ನನ್ನ ಮತ. ಶಾಲೆಯ ಗಂಟೆಯನ್ನು ಗೊತ್ತುಮಾಡುವಾಗಲಂತೂ ಅತ್ಯಂತ ದೂರದಿಂದ ನಡೆದು ಬರುವ ಮಗುವನ್ನು ಮೊದಲು ಕೇಳಬೇಕು.

ನನ್ನ ತಾಯಿ ತಮ್ಮ ಪಾಲಿನ ತೊಡಕನ್ನು ಆಗಲೇ ಬಿಡಿಸಿಕೊಂಡಿದ್ದಾರೆ. ಮೊಮ್ಮಗನಿಗೆ ಹೇಳಿದರು: “ಗಂಟೆಯ ಲೆಕ್ಕ ನನಗೆ ಬೇಡಪ್ಪ. ನಿನ್ನ ತಿಂಡಿಯಾದ ಮೇಲೆ ಮಾಡು. ನನ್ನ ಊಟ ಅಲ್ಲಿಯವರೆಗೆ ಕಾಯುತ್ತದೆ.” ನಾನು ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಮಾರ್ಚಿಯ ಒಂದು ಭಾನುವಾರಕ್ಕೂ ನವೆಂಬರಿನ ಒಂದು ಭಾನುವಾರಕ್ಕೂ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ನಿಮ್ಮ ಮಕ್ಕಳೂ ಆ ಕಡೆ ಇದ್ದರೆ ನೀವೂ ಹಾಕಿಡಿ. ಮುದುಕರು ಉಪವಾಸ ಕೂರುವುದು ತಪ್ಪುತ್ತದೆ.