ಸಂಘದ ಸದಸ್ಯಪಟ್ಟಿಯೂ ತಂತ್ರಾಂಶದ ನಕ್ಷೆಯೂ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡಬಲ್ಲ ವಿದ್ವಾಂಸರು ಈ ಮುಂಬಯಿಯಲ್ಲಿ ಅನೇಕರಿರುವಾಗ, ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತುಕೊಳ್ಳುವ ನಮ್ಮಂಥವರನ್ನು ಸಮಿತಿಯವರು ಇಲ್ಲಿ ನಿಲ್ಲಿಸಿದ್ದೇಕೆಂದು ತಮಗೆ ಆಶ್ಚರ್ಯವಾಗಬಹುದು. ವಿಷಯವೂ ಅಷ್ಟೇನೂ ರಸವತ್ತಾದುದಲ್ಲ. ಒಂದು ತಂತ್ರಾಂಶವನ್ನು, ಎಂದರೆ ಸಾಫ್ಟ್‌ವೇರನ್ನು, ಬರೆಯಲು ತೊಡಗುವ ಮುನ್ನ ಅದರ ಕಟ್ಟಡವನ್ನು ಹೇಗೆ ಯೋಚಿಸಿಕೊಳ್ಳಬೇಕು ಎಂಬುದೇ ವಿಷಯ. ಇದರಲ್ಲಿ ನಮ್ಮದೇ ಒಂದು ತಪ್ಪೊಪ್ಪಿಗೆಯೂ ಸೇರಿರುವುದರಿಂದ ತಾವು ಸಹನೆಯಿಂದ ಕೇಳಬೇಕೆಂದು ಬೇಡುತ್ತೇವೆ.

ಎರಡು ವರ್ಷಗಳ ಹಿಂದೆ ಸಂಘದ ಸದಸ್ಯಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವುದೆಂದು ನಿಶ್ಚಯವಾಯಿತಷ್ಟೆ. ನಮ್ಮ ಸದಸ್ಯರೊಬ್ಬರ ಮಗ, ಸಾಫ್ಟ್‌ವೇರ್ ಕೆಲಸದಲ್ಲಿರುವ ಬುದ್ಧಿವಂತ ಹುಡುಗ, ಕಾಸು ಮುಟ್ಟದೆ ಹನ್ನೊಂದು ದಿನಗಳಲ್ಲಿ ಎಲ್ಲವನ್ನೂ ಸಿದ್ಧಮಾಡಿಕೊಟ್ಟ. ನಾವು ಶಾಲು ಹೊದಿಸಿದೆವು. ಏನು ಬೇಕೆಂದು ಅವನು ಕೇಳಿದಾಗ ನಾವು ಕೊಟ್ಟದ್ದು ಹಳೆಯ ರಿಜಿಸ್ಟರಿನ ಒಂದು ಪುಟದ ಫೋಟೋ ಮಾತ್ರ. ಅದರಲ್ಲಿ ಒಂದು ಮನೆಗೆ ಒಂದು ಸಾಲು. ಸಾಲಿನ ಮೊದಲಲ್ಲಿ ಯಜಮಾನರ ಹೆಸರು, ಫೋನ್ ನಂಬರು. ಅವನೂ ಹಾಗೆಯೇ ಕಟ್ಟಿದ: ಫೋನ್ ನಂಬರೇ ಸದಸ್ಯಸಂಖ್ಯೆ, ಯಜಮಾನರೇ ಸದಸ್ಯರು, ಉಳಿದವರು ಅವರ ಸಾಲಿನ ಬಾಲ.

ಕಳೆದ ವರ್ಷ ವಾರ್ಷಿಕ ಮಹಾಸಭೆಯ ದಿನ ಮೀರಾ ರೋಡಿನಿಂದ ಒಬ್ಬ ವೃದ್ಧೆ ಬಂದರು. ಪ್ರತಿ ದಸರೆಗೂ ಇಲ್ಲಿ ಅಡುಗೆಗೆ ನಿಲ್ಲುತ್ತಿದ್ದ ತಾಯಿ. ಮತದಾನದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪತಿ ತೀರಿಕೊಂಡ ಸುದ್ದಿ ಬಂದಾಗ ನಮ್ಮಲ್ಲೊಬ್ಬರು ಅವರ ಹೆಸರನ್ನು ಅಳಿಸಿದ್ದರು. ಯಜಮಾನರ ಸಾಲು ಹೋದೊಡನೆ ಹೆಂಡತಿ, ಇಷ್ಟು ವರ್ಷದ ವಂತಿಗೆ, ರಸೀತಿ ಎಲ್ಲವೂ ಜೊತೆಗೇ ಹೋಗಿದ್ದುವು. “ಅವರು ಹೋದರು, ಸರಿ. ನಾನೂ ಹೋದೆನೇನು ಮಗಾ?” ಎಂದು ಆಕೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಹುಡುಗನನ್ನು ದೂರುವಂತಿಲ್ಲ. ನಾಚಿಕೆಯಾಗಬೇಕಾದದ್ದು ನಮಗೆ. ಏಕೆಂದರೆ ಬ್ಯಾಂಕಿನಲ್ಲಿ ಗಿರಾಕಿಯ ಸಂಖ್ಯೆ ಬೇರೆ, ಖಾತೆಯ ಸಂಖ್ಯೆ ಬೇರೆ. ಗಂಡಹೆಂಡಿರು ಜಂಟಿಯಾಗಿ ಒಂದು ಖಾತೆ ತೆರೆದು, ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂದು ಬರೆದುಕೊಟ್ಟಿದ್ದರೆ, ಒಬ್ಬರು ಹೋದರೂ ಖಾತೆ ಉಳಿದವರ ಕೈಯಲ್ಲಿರುತ್ತದೆ. ಮನುಷ್ಯ ಬೇರೆ, ಖಾತೆ ಬೇರೆ, ಅವೆರಡರ ಸಂಬಂಧವೂ ಬೇರೆ. ದಿನವೆಲ್ಲ ಮಾಡುವ ಈ ಕೆಲಸ ಸಂಘದ ಬಾಗಿಲು ದಾಟಿದಾಗ ನಮಗೆ ನೆನಪಿಗೆ ಬರಲಿಲ್ಲ.

ಆಮೇಲೆ ಅದೇ ಹುಡುಗನೊಡನೆ ನಾವು ನಾಲ್ಕು ಭಾನುವಾರ ವಾಚನಾಲಯದ ಮೇಜಿಗೆ ಕುಳಿತೆವು. ಕಂಪ್ಯೂಟರನ್ನು ತೆರೆಯಲೇ ಇಲ್ಲ. ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದೆವು. ಐ.ಬಿ.ಎಂ. ಸಂಸ್ಥೆಯಲ್ಲಿ ಓಎಸ್/360 ಎಂಬ ಭಾರಿ ತಂತ್ರಾಂಶವನ್ನು ಕಟ್ಟಿಸಿದ ಫ್ರೆಡ್ ಬ್ರೂಕ್ಸ್ ಅವರು 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಾಲವನ್ನು ಹೀಗೆ ಹಂಚುತ್ತಾರೆ: ಯೋಜನೆಗೆ ಮೂರರಲ್ಲೊಂದು ಪಾಲು, ಬರೆಯುವುದಕ್ಕೆ ಆರರಲ್ಲೊಂದು ಪಾಲು, ಉಳಿದ ಅರ್ಧವೆಲ್ಲ ಪರೀಕ್ಷಿಸುವುದಕ್ಕೆ. ಹುಡುಗನು ಇದನ್ನು ಹೇಳಿದಾಗ ನಾವು ನಕ್ಕೆವು. ಬರೆಯುವ ಕೆಲಸದ ಎರಡರಷ್ಟು ಯೋಚನೆಯೆ! ನಾಲ್ಕನೆಯ ಭಾನುವಾರದ ಹೊತ್ತಿಗೆ ಅದು ಹೆಚ್ಚೆಂದು ತೋರಲಿಲ್ಲ.

ಮಾಡಿದ್ದಿಷ್ಟೆ. ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಮನೆಗಳಲ್ಲಿ ಏನೇನು ನಡೆಯುತ್ತದೆಂದು ಹೇಳಬೇಕು. ನಕ್ಷೆ ಅದನ್ನು ತಾಳುತ್ತದೆಯೆ ಎಂದು ನೋಡಬೇಕು. ಮಗಳು ಮದುವೆಯಾಗಿ ಪುಣೆಗೆ ಹೋದಳು. ಮಗನಿಗೆ ಹದಿನೆಂಟು ತುಂಬಿತು. ಡೊಂಬಿವಲಿಯ ಮನೆ ಬಿಟ್ಟು ಪನವೇಲಿಗೆ ಹೋದರು. ತಂದೆಯೂ ಮಗನೂ ಒಬ್ಬರಿಗೊಬ್ಬರು ತಿಳಿಯದೆ ಒಂದೇ ವಂತಿಗೆಯನ್ನು ಎರಡು ಸಲ ಕಟ್ಟಿದರು (ಇದು ನಮ್ಮ ಖಜಾಂಚಿಗಳ ಮನೆಯಲ್ಲೇ ನಡೆದದ್ದು). ಹೀಗೆ ಪ್ರಶ್ನೆ ಹಾಕುತ್ತ ಹೋದಂತೆ ಒಂದು ಸಾಲು ಮೂರಾಗಿ ಒಡೆಯಿತು: ವ್ಯಕ್ತಿ, ಮನೆ, ರಸೀತಿ. ಯಾರು ಯಾವ ಮನೆಗೆ ಎಂದಿನಿಂದ ಎಂದಿನವರೆಗೆ ಸೇರಿದವರು ಎಂಬುದಕ್ಕೆ ಬೇರೊಂದು ಪುಟ. ತೀರಿಕೊಂಡವರ ಹೆಸರನ್ನು ಅಳಿಸುವ ಪದ್ಧತಿಯೇ ಬೇಡ, ದಿನಾಂಕ ಬರೆದರೆ ಸಾಕು. ಲೆಡ್ಜರಿನಲ್ಲಿಯೂ ನಾವು ಅಳಿಸುವುದಿಲ್ಲವಷ್ಟೆ. ತಪ್ಪಾದರೆ ತಿದ್ದುಪಡಿಯ ನಮೂದು ಹಾಕುತ್ತೇವೆ.

ಹೆಸರಿನ ಅಂಕಣಕ್ಕೇ ಒಂದು ಭಾನುವಾರ ಹೋಯಿತು. ಹಳೆಯ ಫಾರಂನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ, ಮಹಾರಾಷ್ಟ್ರದ ಪದ್ಧತಿ. ಧಾರವಾಡದ ಕಡೆಯವರಿಗೆ ಅದು ಸರಿಹೋಯಿತು. ಮೈಸೂರಿನ ಕಡೆಯವರು ಊರಿನ ಅಕ್ಷರ, ತಂದೆಯ ಅಕ್ಷರಗಳನ್ನು ಮುಂದಿಟ್ಟುಕೊಂಡು ಬಂದವರು. ಅಡ್ಡಹೆಸರಿನ ಖಾನೆಯನ್ನು ಖಾಲಿ ಬಿಟ್ಟರೆ ಯಂತ್ರ ಒಪ್ಪದು. ಅದಕ್ಕಾಗಿ ಎಷ್ಟೋ ಮಂದಿ ತಂದೆಯ ಹೆಸರನ್ನೇ ಎರಡು ಸಲ ಬರೆದಿದ್ದರು. ಈಗ ಒಂದೇ ಖಾನೆ. ತಮ್ಮ ಹೆಸರನ್ನು ತಾವು ಹೇಗೆ ಬರೆದುಕೊಳ್ಳುವಿರೋ ಹಾಗೆ, ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ.

ಸದಸ್ಯಸಂಖ್ಯೆಯ ಮೇಲೆ ದೊಡ್ಡ ವಾದವೇ ನಡೆಯಿತು. ಸಂಖ್ಯೆಯನ್ನು ನೋಡಿದೊಡನೆ ಬಡಾವಣೆ ತಿಳಿಯುವಂತಿರಲಿ ಎಂದು ಹಿರಿಯರೊಬ್ಬರ ಆಸೆ. ಅದಕ್ಕೆ ನಾವು ಐಎಫ್‌ಎಸ್‌ಸಿ ಸಂಕೇತದ ಉದಾಹರಣೆ ಕೊಟ್ಟೆವು. ಅದರಲ್ಲಿ ಹನ್ನೊಂದು ಸ್ಥಾನ: ಮೊದಲ ನಾಲ್ಕು ಬ್ಯಾಂಕಿನ ಅಕ್ಷರಗಳು, ಕೊನೆಯ ಆರು ಶಾಖೆಯವು, ನಡುವೆ ಒಂದು ಸೊನ್ನೆ. ಮುಂದೆ ಬೇಕಾದೀತೆಂದು ಆ ಸೊನ್ನೆಯ ಸ್ಥಾನವನ್ನು ಕಾದಿರಿಸಿದವರ ದೂರದೃಷ್ಟಿ ಮೆಚ್ಚತಕ್ಕದ್ದು. ಆದರೆ ಬ್ಯಾಂಕಿನ ಹೆಸರೇ ಮಾಯವಾದರೆ? 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. ಗಿರಾಕಿಗಳು ಚೆಕ್‌ಪುಸ್ತಕ ಬದಲಾಯಿಸಬೇಕಾಯಿತು, ಹಣ ಕಳುಹಿಸುವ ಊರಿನವರಿಗೆಲ್ಲ ಹೊಸ ಸಂಕೇತ ತಿಳಿಸಬೇಕಾಯಿತು. ಸಂಖ್ಯೆಯೊಳಗೆ ಅರ್ಥ ತುಂಬಿದರೆ ಅರ್ಥ ಬದಲಾದ ದಿನ ಸಂಖ್ಯೆಯೂ ಕೆಡುತ್ತದೆ. ಫೋನ್ ನಂಬರಿನ ಗತಿಯೂ ಅದೇ. ನಾವು ಬಿಟ್ಟ ನಂಬರನ್ನು ಕಂಪನಿಯವರು ಕೆಲಕಾಲದ ಮೇಲೆ ಬೇರೊಬ್ಬರಿಗೆ ಕೊಡುತ್ತಾರೆ. ಆದುದರಿಂದ ನಮ್ಮ ಹೊಸ ಸಂಖ್ಯೆಗೆ ಅರ್ಥವೇ ಇಲ್ಲ. ಒಂದಾದ ಮೇಲೆ ಒಂದು, ಅಷ್ಟೆ. ಹಿರಿಯರಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ.

ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು 1972ರ ಒಂದು ಲೇಖನದಲ್ಲಿ, ತಂತ್ರಾಂಶವನ್ನು ಕೆಲಸದ ಅನುಕ್ರಮದಂತೆ ಭಾಗಮಾಡಬಾರದು, ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಭಾಗದೊಳಗೆ ಅಡಗಿಸಿಡಬೇಕು ಎಂದು ತೋರಿಸಿದರು. ನಮ್ಮಲ್ಲಿ ವಂತಿಗೆಯ ದರ ಮಹಾಸಭೆಗೊಮ್ಮೆ ಬದಲಾದೀತು. ಸೂಚನೆ ಕಳುಹಿಸುವ ದಾರಿ ಇಂದು ವಾಟ್ಸಾಪ್, ನಾಳೆ ಮತ್ತೊಂದು. ಇವೆರಡನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇರಿಸಿದ್ದೇವೆ. ವಧೂವರರ ಪಟ್ಟಿ, ನಾಟಕದ ಟಿಕೆಟ್ಟು ಮೊದಲಾದವುಗಳನ್ನು ಸದ್ಯಕ್ಕೆ ಕೈಬಿಟ್ಟೆವು. ಮುನಿಸಿಕೊಂಡವರೂ ಇದ್ದಾರೆ.

ಎಲ್ಲವನ್ನೂ ಮೊದಲೇ ಯೋಚಿಸುವುದು ಹಳೆಯ ಕಾಲದ ಮಾತು, ಸ್ವಲ್ಪ ಮಾಡು, ತೋರಿಸು, ತಿದ್ದು ಎಂಬುದೇ ಈಗಿನ ರೀತಿ ಎಂದು ಹುಡುಗನು ಆಕ್ಷೇಪಿಸಿದ್ದುಂಟು. ಪುಟದ ಬಣ್ಣ, ಗುಂಡಿಗಳ ಜಾಗ ಇವುಗಳ ಮಟ್ಟಿಗೆ ಅವನ ಮಾತು ನಿಜ. ಅವನ್ನು ಅವನಿಗೇ ಬಿಟ್ಟಿದ್ದೇವೆ. ಆದರೆ ನೂರಾರು ಮನೆಗಳ ವಿವರ ತುಂಬಿದ ಮೇಲೆ ಒಂದು ಸಾಲನ್ನು ಮೂರಾಗಿ ಒಡೆಯುವುದು ಎಷ್ಟು ಕಷ್ಟವೆಂಬುದನ್ನು ಈ ಬೇಸಿಗೆಯಲ್ಲಿ ಅವನೇ ರಾತ್ರಿಗಳನ್ನು ಕಳೆದು ಕಂಡುಕೊಂಡ.

ಹೊಸ ಫಾರಂಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಮನೆಗೊಂದಲ್ಲ, ತಲೆಗೊಂದು, ಮನೆಯ ಹೆಂಗಸರು ತಮ್ಮ ಫಾರಂ ತಾವೇ ತುಂಬಬೇಕೆಂದು ಅರಿಕೆ. ಮೀರಾ ರೋಡಿನ ಆ ತಾಯಿಯ ಫಾರಂ ಕಳೆದ ಭಾನುವಾರವೇ ಬಂದಿತು. ಹಳೆಯ ರಸೀತಿ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಹುಡುಕಿದೆವು. ಅವರು ಸದಸ್ಯರಾದ ವರ್ಷದ ಎದುರು 1998 ಎಂದು ಬರೆದಿದ್ದೇವೆ.